ಮುಗಿದವರ ಸಾಲು

ಅಣ್ಣ ಹೊಲಕ್ಕೆ ಹೋದ ಮೇಲೆ, ಅವನ ಹೆಂಡತಿ, ಬಸುರಿ ವೈನಿ, ಎಳೆ ಬಿಸಿಲಿಗೆಂದು ಅಂಗಳದಲ್ಲಿ ಕೂತ ಮೇಲೆ, ಅವ್ವ ನಡುಮನೆಯ ಕದ ಮುಂದೆ ಮಾಡಿದಳು. ಗೂಡಿನಿಂದ ಹಣಿಗೆ ತೆಗೆದುಕೊಂಡು ಮೂರನೇ ಕಂಬದ ಹತ್ತಿರ ಕೂತಳು. ನಾನು ಎಣ್ಣೆಯ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತೆ. ಅವ್ವ ಬೆರಳು ಎಣ್ಣೆಯಲ್ಲಿ ಅದ್ದಿ ತನ್ನ ಮುಂದಿನ ಖಾಲಿ ಜಾಗಕ್ಕೆ ಹಚ್ಚಿದಳು. ಎಣ್ಣೆ ನೆಲಕ್ಕೆ ತೊಟ್ಟಿಕ್ಕಲಿಲ್ಲ. ಹಣಿಗೆ ಮೇಲಿಂದ ಕೆಳಗೆ ಇಳಿಯುತ್ತ ನಡುವೆ ಒಂದು ಕಡೆ ತಡೆದು ನಿಂತಿತು. ಅಲ್ಲಿ ಸಿಕ್ಕಾಗಿರಬೇಕು. ಅವ್ವ ಎಡಗೈಯಲ್ಲಿ ಏನನ್ನೋ ಬಿಗಿ ಹಿಡಿದು, ನೋವಾಗದ ಹಾಗೆ, ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿದಳು. ಆಮೇಲೆ ಅವಳ ಬೆರಳುಗಳು ಜಡೆ ಹೆಣೆದವು. ರಿಬ್ಬನ್ನಿಗೆ ಕೈ ಚಾಚಿದಾಗ ಕೊಟ್ಟೆ. ಗಂಟು ಹಾಕಿ ಅವ್ವ ಕೈ ಬಿಟ್ಟಳು, ರಿಬ್ಬನ್ನೂ ಕಾಣಲಿಲ್ಲ.

ಅಲ್ಲಿ ಕೂತಿದ್ದವಳು ನನ್ನ ತಂಗಿ ಸುವರ್ಣಾ. ಅವಳು ಮುಗಿದು ಒಂದು ವರ್ಷದ ಮೇಲಾಗಿತ್ತು. ಹೆತ್ತವಳಾದ್ದರಿಂದ ಅವ್ವನಿಗೆ ಅವಳು ಕಾಣುತ್ತಿದ್ದಳು. ನನಗೆ ಕಾಣುತ್ತಿರಲಿಲ್ಲ, ಊರಿನಲ್ಲಿ ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಅವಳನ್ನು ಅಡಗಿಸಿದವಳು ನಾನೇ.

ನಮ್ಮೂರಿನ ಚಾವಡಿಯಲ್ಲಿ ಒಂದು ಕರಿ ಪರದೆ ಇದೆ, ಅದರ ಮುಂದೆ ಕೀಲಿಮಣೆ. ಕೀಲಿಮಣೆಯಲ್ಲಿ ‘ಹಣಕು’ ಎಂದು ಒತ್ತಿದರೆ ಊರಿನಲ್ಲಿರುವವರೆಲ್ಲ ಸಾಲುಸಾಲಾಗಿ ಮೇಲೆ ಬರುತ್ತಾರೆ. ಮೊದಲು ನಂಬರು, ಆಮೇಲೆ ಹೆಸರು, ಆಮೇಲೆ ಯಾರಿಂದ ಬಂದವರು ಎಂಬುದು, ಕೊನೆಗೆ ಸ್ಥಿತಿ. ನಡೆದಿದೆ, ಮಲಗಿದೆ, ಕಾಯುತ್ತಿದೆ, ಸತ್ತವರಾದರೆ ಮುಗಿದಿದೆ. ಪಟ್ಟಿಯ ಕಟ್ಟಕಡೆಯ ಸಾಲಿನಲ್ಲಿ ಯಾವಾಗಲೂ ಪಟ್ಟಿ ನೋಡುತ್ತಿರುವವರೇ ಇರುತ್ತಾರೆ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ನಾಲ್ಕು ಜನರ ಮುಂದೆ ಎದ್ದು ನಿಂತರೆ ನನಗೆ ಬಾಯಿ ಒಣಗುತ್ತಿತ್ತು, ಮಾಸ್ತರರು ಕೇಳಿದ್ದಕ್ಕೆ ಉತ್ತರ ಗೊತ್ತಿದ್ದರೂ ಹೊರಗೆ ಬರುತ್ತಿರಲಿಲ್ಲ. ಚಾವಡಿಯಲ್ಲಿ ಆ ಕಷ್ಟ ಇರಲಿಲ್ಲ. ಅಲ್ಲಿ ನೋಡಿದರೆ ಸಾಕಿತ್ತು.

ನನಗೆ ಕೆಲಸ ಕಲಿಸಿದವರು ಇಮಾಮ ಕಾಕಾ. ನಲವತ್ತು ವರ್ಷ ‘ಹಣಕು’ವನ್ನು ಕಾಯ್ದುಕೊಂಡು ಬಂದವರು, ಈಗ ಅವರ ಎರಡೂ ಕಣ್ಣು ಮಂಜಾಗಿವೆ. ‘ಹಣಕು’ ಯಾರ ಸ್ವತ್ತೂ ಅಲ್ಲ. ಅದು ನಡೆಯುವ ಬಗೆಯನ್ನೆಲ್ಲ ಒಂದು ಬರಹದಲ್ಲಿ ಬಿಚ್ಚಿಟ್ಟಿದೆ. ಯಾವ ಊರಿನವರು ಬೇಕಾದರೂ ಅದನ್ನು ಓದಬಹುದು, ಬಳಸಬಹುದು, ತಪ್ಪು ಕಂಡರೆ ತಿದ್ದಿ ತಂತಿಯ ಮೂಲಕ ನಮಗೆ ಕಳಿಸಬಹುದು. ಸೇರಿಸುವುದೋ ಬಿಡುವುದೋ ನಮ್ಮ ಕೆಲಸ. ನಾವು ಸೇರಿಸಿದ್ದು ಎಲ್ಲ ಊರುಗಳಿಗೂ ಹೋಗುತ್ತದೆ. ಒಂದು ಊರಿನಿಂದ ಉದ್ದ ಹೆಸರಿನವರ ಸಾಲು ಅರ್ಧಕ್ಕೆ ಮುರಿಯುತ್ತದೆ ಎಂದು ಬರೆಯುತ್ತಾರೆ, ಇನ್ನೊಂದು ಊರಿನಿಂದ ಸಂತೆಯ ದಿನ ಪಟ್ಟಿ ಏಳಲು ತಡವಾಗುತ್ತದೆ ಎಂದು. ಆ ಊರುಗಳು ಎಲ್ಲಿವೆ ಎಂದು ನಮಗೆ ಗೊತ್ತಿಲ್ಲ. ಕೇಳಿದವರೂ ಇಲ್ಲ.

ತಿದ್ದುಪಡಿ ಬಂದರೆ ಕಾಕಾ ಅದನ್ನು ಮೊದಲಿಂದ ಕೊನೆಯವರೆಗೆ ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದರು. ಒಬ್ಬರು ಓದಬೇಕು, ಇನ್ನೊಬ್ಬರು ಕೇಳಬೇಕು, ಮೂರು ದಿನ ಇಟ್ಟು ನಾಲ್ಕನೇ ದಿನ ಸೇರಿಸಬೇಕು. ಇದು ಅವರ ಪದ್ಧತಿ. “ನಮ್ಮದು ನೋಡೋ ಕೆಲಸ ಮಗಳ, ಮುಟ್ಟೋ ಕೆಲಸ ಅಲ್ಲ. ನೋಡೋದು ತಪ್ಪಿದ್ರ ಮುಟ್ಟಿದ್ದಕ್ಕಿಂತ ಕೆಟ್ಟದ್ದಾಗ್ತೈತಿ” ಎನ್ನುತ್ತಿದ್ದರು.

ಬೆಳಿಗ್ಗೆ ಚಾವಡಿಯಲ್ಲಿ ಹೆಂಗಸರದೇ ಗದ್ದಲ. “ಪಾರಿ, ನನ್ನ ಗಂಡ ಏನ್ ಮಾಡಾಕತ್ಯಾನ ನೋಡವ್ವ” ಎಂದು ಗಿರಣಿ ಮಾದೇವಿ ಕೇಳುವಳು.

“ಮಲಗ್ಯಾನ್ರಿ.”

“ಹೊಲಕ್ಕ ಹೋಗ್ತೀನಂತ ಬುತ್ತಿ ಕಟ್ಟಿಸಿಕೊಂಡು ಹೋಗ್ಯಾನ, ಬಾಡ್ಯಾ! ಯಾವ ಗಿಡದ ಬುಡಕ್ಕ ಅಂತ ತೋರಸಂಗಿಲ್ಲೇನು ನಿನ್ನ ಹಣಕು?”

“ಅದಕ್ಕ ನೀನ ಹೋಗಿ ಹಣಕ್ಬೇಕು” ಎಂದು ಬೆಂಚಿನ ಮೇಲಿಂದ ಕಾಕಾ ಹೇಳುವರು. ಎಲ್ಲರೂ ನಗುವರು.

ನಮ್ಮೂರಿನಲ್ಲಿ ಮನೆಗೆ ಎಷ್ಟು ಕಂಬವೋ ಅಷ್ಟೇ ನಂಬರು, ಅಷ್ಟೇ ಜನ. ನಮ್ಮದು ಐದು ಕಂಬದ ಮನೆ. ಬಡಿಗೇರ ಓಣಿಯಲ್ಲಿ ಒಬ್ಬರು ಆರನೇ ಕಂಬ ನೆಟ್ಟು ನೋಡಿದರು. ಊಟ ಮಾಡಿ ಕೈ ತೊಳೆದು ಬಂದು ಎಣಿಸಿದರೆ ಐದೇ ಇದ್ದವು. ಮನೆಯಲ್ಲಿ ಯಾರಾದರೂ ಮುಗಿದರೆ ಅವರು ತಾವಾಗಿ ಬಂದು ತಮ್ಮ ಜಾಗದಲ್ಲಿ ಕೂರುತ್ತಾರೆ. ಉಣ್ಣುವುದಿಲ್ಲ, ಮಾತಾಡುವುದಿಲ್ಲ, ಭಾರವೂ ಇರುವುದಿಲ್ಲ, ಆದರೆ ನಂಬರು ಹಿಡಿದೇ ಇರುತ್ತಾರೆ. ಅವರು ಯಾರಿಂದ ಬಂದರೋ ಆ ತಾಯಿ ಚಾವಡಿಗೆ ಬಂದು ಅವರ ಸಾಲು ಬಿಚ್ಚಿ ಕೊನೆಯ ಅಂಕಿ ಓದಬೇಕು. ಓದಿದ ಕೂಡಲೇ ಸಾಲು ಅಳಿಯುತ್ತದೆ, ಅವರೂ ಹೋಗುತ್ತಾರೆ, ನಂಬರು ಮನೆಗೆ ಉಳಿಯುತ್ತದೆ. ತಾಯಿ ಇಲ್ಲದವರನ್ನು ಒಂದನೇ ನಂಬರು ಓದುತ್ತದೆ. ಪಟ್ಟಿಯ ಮೊದಲ ಸಾಲು ಅದು. ಹೆಸರಿಲ್ಲ, ಯಾರಿಂದ ಬಂದದ್ದು ಎಂಬ ಕಡೆ ಏನೂ ಇಲ್ಲ, ಸ್ಥಿತಿ ಯಾವಾಗಲೂ ‘ಕಾಯುತ್ತಿದೆ’. ಅದರ ಪಾಲಿಗೆ ಬಂದವರಿಗೆ ಮನೆಗೆ ಬಂದು ಕೂರುವಷ್ಟೂ ಸಮಯ ಸಿಗುವುದಿಲ್ಲ.

ಕೊನೆಯ ಅಂಕಿ ಸೊನ್ನೆ ಇದ್ದರೆ ಆಯುಷ್ಯ ತೀರಿ ಹೋದರೆಂದು ಅರ್ಥ. ಒಂದಿದ್ದರೆ ತಮ್ಮನ್ನು ತಾವೇ ನಿಲ್ಲಿಸಿಕೊಂಡರೆಂದು. ಒಂಬತ್ತಿದ್ದರೆ ಬೇರೆಯವರು ನಿಲ್ಲಿಸಿದರೆಂದು. ಓದಿದವರಿಗೆ ಮಾತ್ರ ಅದು ಕಾಣುತ್ತದೆ, ಅದೂ ಒಂದೇ ಸಲ. ಉಳಿದವರು ಗೋಡೆಯ ಕಡೆ ಮುಖ ತಿರುಗಿಸಿ ನಿಲ್ಲಬೇಕು. ಸೊನ್ನೆ ಕಂಡವರು ಹೊರಗೆ ಬಂದು ಗಟ್ಟಿಯಾಗಿ ಹೇಳುತ್ತಾರೆ. ಬೇರೆ ಕಂಡವರು ಸುಮ್ಮನೆ ಮನೆಗೆ ಹೋಗುತ್ತಾರೆ, ಯಾರೂ ಕೇಳುವುದಿಲ್ಲ. ನಮ್ಮಪ್ಪ ಮುಗಿದಾಗ ಅವನ ತಾಯಿ, ದೊಡ್ಡಪ್ಪನ ಮನೆಯಲ್ಲಿದ್ದ ನಮ್ಮಜ್ಜಿ, ಮೂರನೇ ದಿನಕ್ಕೆ ಓದಿದಳು. ಚಾವಡಿಯ ಮೆಟ್ಟಿಲ ಮೇಲೆ ನಿಂತು “ಸೊನ್ನಿ, ಸೊನ್ನಿ” ಎಂದು ಎರಡು ಸಲ ಕೂಗಿ, ಆಮೇಲೆ ಅತ್ತಳು.

ಸುವರ್ಣಾ ಮುಗಿದ ದಿನ ಮಧ್ಯಾಹ್ನ ಅವಳು ಚಾವಡಿಗೆ ಬಂದಿದ್ದಳು. ಬಾಗಿಲಲ್ಲಿ ನಿಂತು, “ಅಕ್ಕಾ, ಇವತ್ತ ನಿನ್ನ ಬಾಜೂಕ ಕುಂದರ್ಲೇನು?” ಎಂದು ಕೇಳಿದಳು. ನಾನು ದೂರದ ಯಾವುದೋ ಊರಿನಿಂದ ಬಂದ ತಿದ್ದುಪಡಿ ಓದುತ್ತಿದ್ದೆ. ಎಲ್ಲಿದ್ದೆನೋ ಮರೆತುಹೋಗುತ್ತದೆ ಎಂದು ತಲೆ ಎತ್ತಲಿಲ್ಲ. ‘ಈಗ ಬೇಡ, ಆಮೇಲೆ ಬಾ’ ಎಂಬಂತೆ ಕೈ ಬೀಸಿದೆ. ಅವಳು ಸ್ವಲ್ಪ ಹೊತ್ತು ನಿಂತಳು. ಯಾವಾಗ ಹೋದಳೋ ಗೊತ್ತಾಗಲಿಲ್ಲ. ಹೊತ್ತು ಇಳಿಯುವಾಗ ಪಟ್ಟಿ ತೆಗೆದರೆ ಎರಡು ಸಾವಿರದ ನೂರಾ ಹದಿನೇಳನೇ ನಂಬರಿನ ಮುಂದೆ ‘ಮುಗಿದಿದೆ’ ಎಂದಿತ್ತು. ನಾನು ಮನೆಗೆ ಓಡಿದೆ. ಅವಳು ನನಗಿಂತ ಮೊದಲೇ ಬಂದು ಮೂರನೇ ಕಂಬಕ್ಕೆ ಒರಗಿ ಕೂತಿದ್ದಳು. ತಲೆಗೂದಲು ತೊಯ್ದಿತ್ತು. ಬಟ್ಟೆ ಒಗೆಯಲು ನೀರು ನಿಂತ ಕಲ್ಲಿನ ಖಣಿಗೆ ಹೋದವಳು ಕಾಲು ಜಾರಿದಳು ಎಂದು ಊರು ಹೇಳಿತು. ಒಗೆಯುವ ಬಟ್ಟೆ ಮನೆಯಲ್ಲೇ ಬುಟ್ಟಿಯಲ್ಲಿ ಇದ್ದವು ಎಂದು ನಾನು ಯಾರಿಗೂ ಹೇಳಲಿಲ್ಲ. ಮರುದಿನ ನೋಡಿದರೆ ಅವ್ವ ಆ ಬುಟ್ಟಿಯನ್ನು ಖಾಲಿ ಮಾಡಿ ಅಟ್ಟಕ್ಕೆ ಹಾಕಿದ್ದಳು.

ಮೂರು ದಿನ ಹೋಯಿತು, ಮೂರು ತಿಂಗಳೂ ಹೋಯಿತು. ಅವ್ವ ಓದಲಿಲ್ಲ. ಪಟ್ಟಿ ತೆಗೆದಾಗಲೆಲ್ಲ ಅವಳ ಸಾಲು ಎಲ್ಲರ ಕಣ್ಣಿಗೆ ಬೀಳುತ್ತಿತ್ತು. “ಏನ ಪಾರಿ, ನಿಮ್ಮವ್ವ ಇನ್ನೂ ಆಕೀನ್ನ ಇಟ್ಕೊಂಡಾಳಲ್ಲ, ಉಪ್ಪಿನಕಾಯಿ ಹಾಕ್ತಾಳೇನು?” ಎಂದು ಮಾದೇವಿ ಒಂದು ದಿನ ಎಲ್ಲರ ಮುಂದೆ ಕೇಳಿದಳು. ಅವ್ವ ಅಲ್ಲೇ ಬಾಗಿಲಲ್ಲಿ ನನ್ನ ಬುತ್ತಿ ಹಿಡಿದು ನಿಂತಿದ್ದಳು. ಬುತ್ತಿ ಹೊಸ್ತಿಲ ಮೇಲಿಟ್ಟು ಹೊರಟುಹೋದಳು.

ಅದೇ ವಾರ ತಂತಿಯಲ್ಲಿ ಒಂದು ತಿದ್ದುಪಡಿ ಬಂತು. ಕಳಿಸಿದವರ ಹೆಸರಿರಲಿಲ್ಲ, ಊರೂ ಇರಲಿಲ್ಲ. ಮುಗಿದವರ ಸಾಲನ್ನು ಪಟ್ಟಿಯಲ್ಲಿ ತೋರಿಸಬಾರದು, ಯಾರಾದರೂ ‘ಹಣಕು ಎಲ್ಲ’ ಎಂದು ಕೇಳಿದರೆ ಮಾತ್ರ ತೋರಿಸಬೇಕು, ಇಷ್ಟೇ ಅದರಲ್ಲಿದ್ದದ್ದು. ಕೆಳಗೆ ಒಂದು ಮಾತು ಬರೆದಿದ್ದರು: ‘ಇದರಿಂದ ನೋಡುವವರ ಕಣ್ಣಿಗೆ ಹಗುರ.’

“ಏನ್ ಬಂತು ಮಗಳ?” ಎಂದು ಕಾಕಾ ಕೇಳಿದರು.

“ಸಣ್ಣದು ಕಾಕಾ. ಉದ್ದ ಹೆಸರು ಮುರೀತಿತ್ತಲ್ಲ, ಅದು.”

“ಓದು ಮತ್ತ.”

“ಎರಡ ಸಾಲು ಐತಿ. ಓದೂದೇನು ಅದರಾಗ.”

ಕಾಕಾ ನನ್ನ ಕಡೆ ಮುಖ ಮಾಡಿದರು. ನಾನು ಅವರಿಗೆ ಎಂದೂ ಸುಳ್ಳು ಹೇಳಿದವಳಲ್ಲ. “ಆತು, ಸೇರಿಸು” ಎಂದರು. ಮೂರು ದಿನವೂ ಇಡಲಿಲ್ಲ. ಆಗಲೇ ಸೇರಿಸಿದೆ.

ಅವತ್ತು ಮನೆಗೆ ಬಂದಾಗ ಮೂರನೇ ಕಂಬದ ಹತ್ತಿರ ಯಾರೂ ಇರಲಿಲ್ಲ. ನಮ್ಮೂರಿನಲ್ಲಿ ಪಟ್ಟಿಗೆ ಕಾಣದ್ದು ಕಣ್ಣಿಗೂ ಕಾಣುವುದಿಲ್ಲ ಎಂಬುದು ನನಗೆ ಮುಂಚೆ ಗೊತ್ತಿರಲಿಲ್ಲ. ಹಾಗೆ ಯಾವತ್ತೂ ಆಗಿರಲಿಲ್ಲ. ಅವ್ವ ಮಾತ್ರ ಕಂಬದ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ. ಅಣ್ಣ ಬಂದು ಖಾಲಿ ಜಾಗ ನೋಡಿ, ಅವ್ವ ಕೊನೆಗೂ ಓದಿ ಬಂದಳೆಂದು ತಿಳಿದು, ಅವಳ ಹೆಗಲ ಮೇಲೆ ಕೈಯಿಟ್ಟು ಕೂತ. ಅವ್ವ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಪಟ್ಟಿಯಲ್ಲಿ ನಮ್ಮ ಮನೆಗೆ ನಾಲ್ಕೇ ಸಾಲು ಕಾಣುತ್ತಿತ್ತು. ಕೂಸಿಗೆ ಒಂದು ಕಂಬ ಖಾಲಿ ಇದೆ ಎಂದು ನೋಡಿ ವೈನಿ ನಕ್ಕಳು. ಸುಗ್ಗಿಯ ಹೊತ್ತಿಗೆ ಅವಳಿಗೆ ದಿನ ನಿಂತವು. ಅವಳ ನಗು ನೋಡಿದಾಗಲೇ ನಾನು ಹೇಳಬೇಕಿತ್ತು. ಅಷ್ಟರೊಳಗೆ ಅವ್ವ ಏನಾದರೂ ಮನಸ್ಸು ಮಾಡುತ್ತಾಳೆ ಎಂದುಕೊಂಡೆ.

ಊರು ಬದಲಾದದ್ದು ಮೆಲ್ಲಗೆ. ಯಾರ ಮನೆಯಲ್ಲಿ ಯಾರು ಮುಗಿದರೂ ಈಗ ಹೆತ್ತವಳನ್ನು ಬಿಟ್ಟು ಬೇರೆ ಯಾರಿಗೂ ಕಾಣುತ್ತಿರಲಿಲ್ಲವಾದ್ದರಿಂದ ತಾಯಂದಿರು ಚಾವಡಿಗೆ ಬರುವುದು ಬಿಟ್ಟರು. ಆದರೆ ಮನೆಗಳು ಇಕ್ಕಟ್ಟಾದವು. ಬಸ್ ಕಟ್ಟೆಯಲ್ಲಿ ಖಾಲಿ ಕಾಣುವ ಜಾಗದಲ್ಲಿ ಕೂರಲು ಹೋದವರು ತಟ್ಟನೆ ಎದ್ದು, ಯಾಕೆಂದು ತಿಳಿಯದೆ ನಿಂತೇ ಇರುತ್ತಿದ್ದರು. ಗಿರಣಿಯ ಸರದಿಯಲ್ಲಿ ಇಬ್ಬರ ನಡುವೆ ಒಬ್ಬರಷ್ಟು ಜಾಗ ಉಳಿಯುತ್ತಿತ್ತು, ಅದನ್ನು ಯಾರೂ ತುಂಬುತ್ತಿರಲಿಲ್ಲ. ಜನ ಬಾಗಿಲು ದಾಟುವಾಗ ಮೈ ಓರೆ ಮಾಡುವುದನ್ನು ಕಲಿತರು. ಕೇಳಿದರೆ, ಸೆಕೆ ಎನ್ನುತ್ತಿದ್ದರು.

ಮೊದಲು ಅನಾಹುತವಾದದ್ದು ಕಂಬಾರರ ಮನೆಯಲ್ಲಿ. ಅವರದು ನಾಲ್ಕು ಕಂಬದ ಮನೆ, ಪಟ್ಟಿಯಲ್ಲಿ ಮೂರೇ ಸಾಲು. ಸೊಸೆಗೆ ಹೆರಿಗೆಯಾಯಿತು. ಸೂಲಗಿತ್ತಿ ಕಾಶವ್ವ ಕೂಸನ್ನು ಅರಿವೆಯಲ್ಲಿ ಹಿಡಿದು, ಬೆನ್ನು ಸವರಿ, ಅಳುವುದನ್ನು ಕಾಯುತ್ತ ನಿಂತಳು. ಅಳು ಬರಲಿಲ್ಲ. ಅರಿವೆ ನಿಧಾನವಾಗಿ ಹಗುರಾಯಿತು. ಬಿಚ್ಚಿ ನೋಡಿದರೆ ಬೆಚ್ಚಗಿತ್ತು, ಖಾಲಿ ಇತ್ತು. “ಮೂವತ್ತ ವರ್ಷ ಹಿಡದೀನಿ ಈ ಕೈಯಾಗ. ಹಿಂಗ ಎಂದೂ ಆಗಿಲ್ಲ” ಎಂದು ಅವಳು ಚಾವಡಿಗೆ ಬಂದು ಕೈ ಮುಂದೆ ಚಾಚಿ ತೋರಿಸಿದಳು. ಊರು ಅವಳನ್ನೇ ಬೈಯಿತು. ಅಂದಿನಿಂದ ಅವಳು ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಓಡಾಡುತ್ತಿದ್ದಳು.

ಎಲ್ಲರೂ ಹೋದ ಮೇಲೆ ನಾನು ‘ಹಣಕು ಎಲ್ಲ’ ಎಂದು ಒತ್ತಿದೆ. ಕಂಬಾರರ ಮನೆಗೆ ನಾಲ್ಕು ಸಾಲು ಬಂದವು. ನಾಲ್ಕನೆಯವನು ಆ ಮನೆಯ ಹಿರಿಯ ಮಗ, ಚಳಿಗಾಲದಲ್ಲಿ ಮುಗಿದವನು. ಕೂಸಿಗೆ ಸಿಗಬೇಕಿದ್ದ ನಂಬರನ್ನು ಅವನು ಹಿಡಿದಿದ್ದ. ನಮ್ಮ ಮನೆಗೆ ಐದು ಸಾಲು. ನಾನು ಪರದೆಯನ್ನು ಕೆಳಗೆ ಸರಿಸುತ್ತಲೇ ಹೋದೆ. ಮುಗಿದವರೇ ಮುನ್ನೂರಕ್ಕೂ ಹೆಚ್ಚಿದ್ದರು. ಬೆಂಚಿನ ಮೇಲಿದ್ದ ಕಾಕಾಗೆ ನಾನು ಕೀಲಿ ಒತ್ತುವ ಸದ್ದಿನಲ್ಲೇ ಏನೋ ತಿಳಿದಿರಬೇಕು.

“ಏನ್ ಮಾಡಿದಿ ಮಗಳ?” ಎಂದರು.

ಹೇಳಿದೆ. ಅಷ್ಟು ಉದ್ದ ನಾನು ಎಂದೂ ಮಾತಾಡಿರಲಿಲ್ಲ. ಕಾಕಾ ಬೈಯಲಿಲ್ಲ. “ನಾನೂ ತಪ್ಪಿದೆ. ಓದು ಅಂತ ಎರಡ್ನೇ ಸಲ ಹೇಳ್ಬೇಕಾಗಿತ್ತು” ಎಂದರು. ಆಮೇಲೆ, “ತೆಗೀ ಅದನ್ನ. ಈಗಿಂದೀಗ ತೆಗೀ. ನಿಮ್ಮ ವೈನಿಗೆ ಎಷ್ಟು ದಿನ ಅದಾವು?”

“ಎಂಟ್ ದಿನ ಅಂತಾಳ ಕಾಶವ್ವ.”

ಆ ಎರಡು ಸಾಲುಗಳನ್ನು ಗಟ್ಟಿಯಾಗಿ ಓದಿ, ಅಳಿಸಿ, ಅಳಿಸಿದ್ದನ್ನೂ ಓದಿ ಹೇಳಿ, ಎಲ್ಲ ಊರುಗಳಿಗೂ ಕಳಿಸಿದೆ. ಹೊರಗೆ ಒಮ್ಮೆಲೇ ಎಲ್ಲ ಸದ್ದೂ ನಿಂತಿತು. ಬಾಗಿಲಿಗೆ ಬಂದು ನೋಡಿದೆ. ಮಟಮಟ ಮಧ್ಯಾಹ್ನ. ಬಸ್ ಕಟ್ಟೆಯ ತುಂಬ, ಮನೆಯಲ್ಲಿ ವಿಚಾರಿಸುವವರಿಲ್ಲದೆ ಹೊರಗೆ ಬಂದ ಮುಗಿದವರು ಕೂತಿದ್ದರು. ಅಂಗಡಿಯ ಮೆಟ್ಟಿಲ ಮೇಲೆ, ಗಿರಣಿಯ ಸರದಿಯಲ್ಲಿ, ಕಟ್ಟಿಗೆಯ ರಾಶಿಯ ಮೇಲೆ, ಒಬ್ಬ ಮುದುಕ ತನ್ನ ಮಗನ ಸೈಕಲ್ಲಿನ ಹಿಂದಿನ ಸೀಟಿನ ಮೇಲೆ. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಸರದಿಯಲ್ಲಿ ನಿಂತಿದ್ದ ಮಾದೇವಿ ತನ್ನ ಪಕ್ಕಕ್ಕೆ ಹೊರಳಿದಳು. ಅಲ್ಲಿ ಅವಳ ಮಗಳು ನಿಂತಿದ್ದಳು, ಬೇಸಿಗೆಯಲ್ಲಿ ಜ್ವರ ಬಂದು ಮುಗಿದಳೆಂದು ಊರು ತಿಳಿದಿದ್ದವಳು. ಅವಳನ್ನು ಮಾದೇವಿಯೂ ಓದಿರಲಿಲ್ಲ. ನನ್ನ ಕಡೆ ಒಮ್ಮೆ ನೋಡಿ, ಮಗಳ ಮುಖವನ್ನು ಸೆರಗಿನಿಂದ ಮುಚ್ಚಿದಳು.

ಮನೆಗೆ ಹೋದರೆ ವೈನಿ ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತಿದ್ದಳು. ಮೂರನೇ ಕಂಬದ ಹತ್ತಿರ ಸುವರ್ಣಾ ಕೂತಿದ್ದಳು. ಎಣ್ಣೆ ಹಚ್ಚಿ ಬಾಚಿದ ತಲೆ, ಜಡೆಯಲ್ಲಿ ನಾನು ಬೆಳಿಗ್ಗೆ ಕೊಟ್ಟ ಕೆಂಪು ರಿಬ್ಬನ್. ಒಂದು ವರ್ಷದಿಂದ ಕೈಗೆ ಮಾತ್ರ ಗೊತ್ತಿದ್ದವಳು ಕಣ್ಣಿಗೆ ಬಿದ್ದಾಗ ನಾನು ಹೊಸ್ತಿಲಲ್ಲೇ ನಿಂತೆ.

ಹೊಲದಿಂದ ಓಡಿ ಬಂದ ಅಣ್ಣ ಅವ್ವನ ಮೇಲೆ ಹರಿಹಾಯ್ದ. “ನಿನ್ನ ಹೆಗಲ ಮ್ಯಾಲೆ ಕೈ ಇಟ್ಟು ಕುಂತಿದ್ನೆಲ್ಲ ಅವತ್ತ! ಓದೇ ಇರ್ಲಿಲ್ಲೇನು?”

“ನಾ ಓದೀನಿ ಅಂತ ಹೇಳಿಲ್ಲ.”

“ಓದಿಲ್ಲಂತನೂ ಹೇಳ್ಲಿಲ್ಲ! ಕಂಬಾರರ ಮನ್ಯಾಗ ಆಗಿದ್ದು ಕೇಳೀದಿಲ್ಲ? ಅರಿವಿ ಖಾಲಿ ಉಳೀತು, ಅರಿವಿ!”

“ಆ ಅಂಕಿ ನಾ ನೋಡಂಗಿಲ್ಲ” ಎಂದು ಅವ್ವ ಮೊರದಲ್ಲಿದ್ದ ಅಕ್ಕಿಯನ್ನು ಆರಿಸುತ್ತಲೇ ಇದ್ದಳು. “ಆಕಿ ಜಾರಿ ಬಿದ್ದಾಳ. ಅದನ್ನ ನೋಡಿ ತಿಳ್ಕೋಬೇಕೇನು ನಾನು?”

“ಜಾರಿ ಬಿದ್ದಿದ್ರ ನೋಡಾಕ ಏನ್ ಅಂಜಿಕಿ ನಿನಗ?”

ಅವ್ವ ಮೊರವನ್ನು ಇನ್ನೊಮ್ಮೆ ಕೇರಿದಳು. ಅಣ್ಣ ಸಿಟ್ಟಿನಲ್ಲಿ ಅಂದುಬಿಟ್ಟ: “ನೀ ಹೋದ್ರ ಆಕೀನೂ ಹೋಗ್ತಾಳ, ಗೊತ್ತೈತಿಲ್ಲ? ಒಂದ್ನೇ ನಂಬರು ಇಬ್ರನ್ನೂ ಕೂಡೇ ಓದ್ತೈತಿ.”

ಅಣ್ಣ ತನ್ನ ಬಾಯನ್ನು ತಾನೇ ಮುಚ್ಚಿಕೊಂಡು ಹೊರಗೆ ಹೋದ. ಹಾಗೆ ಅಂದುಕೊಂಡವನು ಊರಿನಲ್ಲಿ ಅವನೊಬ್ಬನೇ ಆಗಿರಲಿಲ್ಲ. ಆ ವಾರ ಹಲವು ಮನೆಗಳಲ್ಲಿ ಮುದುಕಿಯರು ಮಕ್ಕಳು ಬಡಿಸಿದ್ದನ್ನು ಮುಟ್ಟದೆ ತಾವೇ ಅಡುಗೆ ಮಾಡಿಕೊಂಡು ಉಂಡರು.

ತಾಯಂದಿರು ಚಾವಡಿಗೆ ಬರತೊಡಗಿದರು. ನಾನು ಗೋಡೆಯ ಕಡೆ ಮುಖ ಮಾಡಿ ನಿಂತು ನಿಂತು ಕಾಲು ಬಾತವು. ಕೆಲವರು “ಸೊನ್ನಿ” ಎಂದು ಕೂಗಿ ಹೋದರು, ಕೆಲವರು ಬರೀ ಚಪ್ಪಲಿ ಮೆಟ್ಟಿಕೊಂಡು ಹೋದರು. ಮಾದೇವಿ ಎರಡನೆಯವರಲ್ಲಿ ಒಬ್ಬಳು. ನನ್ನವ್ವ ಬರಲಿಲ್ಲ.

ಏಳನೇ ದಿನ ಬೆಳಿಗ್ಗೆ ವೈನಿಗೆ ಬೇನೆ ಶುರುವಾಯಿತು. ಕಾಶವ್ವ ಬಂದು, ಕೈ ತೊಳೆದು, ಒಳಗೆ ಹೋಗುವ ಮೊದಲು ಅವ್ವನ ಮುಂದೆ ನಿಂತಳು. “ಅಕ್ಕಾ, ಮಧ್ಯಾಹ್ನದೊಳಗ ಬರ್ತೈತಿ ಕೂಸು. ಇನ್ನೊಂದ್ಸಲ ಖಾಲಿ ಅರಿವಿ ಹಿಡೀಲಾರೆ ನಾನು” ಎಂದಳು.

ಅವ್ವ ನನ್ನನ್ನು ಹಿತ್ತಲಿಗೆ ಕರೆದಳು. ನನ್ನ ಮುಖ ನೋಡದೆ, ತೊಳೆದಿಟ್ಟ ಕೊಡವನ್ನು ಮತ್ತೆ ತೊಳೆಯುತ್ತ ಕೇಳಿದಳು. “ಪಾರಿ, ಅಡಗಸಾಕ ಬಂತಲ್ಲ ನಿನಗ. ಸೊನ್ನಿ ತೋರಸಾಕ ಬರಂಗಿಲ್ಲೇನು?”

“ಯವ್ವಾ...”

“ಏನಾರ ಇರ್ಲಿ ಅಲ್ಲಿ. ನಾ ನೋಡಿದಾಗ ಸೊನ್ನಿ ಇರ್ಬೇಕು. ಅಷ್ಟು ಮಾಡು, ಬರ್ತೀನಿ.”

ನಾನು ಚಾವಡಿಗೆ ಓಡಿದೆ. ಬರಹ ತೆರೆದೆ. ಕೊನೆಯ ಅಂಕಿಯನ್ನು ತೋರಿಸುವ ಜಾಗ ನನಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಏನೇ ಇದ್ದರೂ ಸೊನ್ನೆ ತೋರಿಸು ಎಂದು ಬರೆಯಲು ಒಂದೇ ಸಾಲು ಸಾಕು. ಬರೆದೆ. ತಂತಿಗೆ ಕಳಿಸದೆ ನಮ್ಮ ಚಾವಡಿಯಲ್ಲಿ ಮಾತ್ರ ಇಟ್ಟು, ಅವ್ವ ಓದಿದ ಮೇಲೆ ತೆಗೆದರೆ ಯಾರಿಗೂ ತಿಳಿಯುವುದಿಲ್ಲ. ಕಾಕಾ ಬೆಂಚಿನ ಮೇಲೆ ತೂಕಡಿಸುತ್ತಿದ್ದರು. ಕೈಯನ್ನು ಕೀಲಿಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತೆ. ಕಾಕಾ ಹೇಳಿಕೊಟ್ಟದ್ದು ನೆನಪಿಗೆ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ತಲೆಯಲ್ಲಿದ್ದದ್ದು ಬೇರೆ. ಆ ಅಂಕಿ ಒಂದೇ ಸಲ ಕಾಣುತ್ತದೆ. ಅದರ ಮೇಲೆ ಸೊನ್ನೆ ಹೊದಿಸಿದರೆ ನಿಜವಾದದ್ದು ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಬಾಗಿಲಲ್ಲಿ ನಿಂತು ಕೇಳಿದವಳಿಗೆ ನಾನು ಕೈ ಬೀಸಿದ್ದು ಏನಾಗಿತ್ತು ಎಂದು ಹೇಳಬಲ್ಲದ್ದು ಊರಿನಲ್ಲಿ ಅದೊಂದೇ. ನನಗೆ ಅದು ಬೇಕಿತ್ತು. ಬರೆದ ಸಾಲನ್ನು ಅಳಿಸಿದೆ.

ಅವ್ವ ಬಂದಳು. ದಾರಿಯುದ್ದಕ್ಕೂ ಜನ ಜಾಗ ಬಿಟ್ಟು ನಿಂತರು. ಮೆಟ್ಟಿಲು ಹತ್ತಿ, ನನ್ನ ಹತ್ತಿರ ಬಂದು, ತುಟಿ ಅಲುಗಿಸದೆ ಕೇಳಿದಳು.

“ಮಾಡಿದ್ಯಾ?”

“ಮಾಡೀನಿ” ಎಂದೆ.

ಅವ್ವನ ಮುಖ ಸಡಿಲಾಯಿತು. ನನ್ನ ಕೆನ್ನೆಗೆ ತನ್ನ ಬೆರಳ ಬೆನ್ನು ತಾಗಿಸಿ, ಪರದೆಯ ಮುಂದೆ ಕೂತಳು. ಅಕ್ಷರ ಬರದಿದ್ದರೂ ಅವಳಿಗೆ ಅಂಕಿ ಬರುತ್ತದೆ. ನಾನು ನಂಬರು ಒತ್ತಿಕೊಟ್ಟು ಗೋಡೆಯ ಕಡೆ ತಿರುಗಿದೆ. ಕಾಕಾ ಕಣ್ಣು ಕಾಣದಿದ್ದರೂ ತಿರುಗಿ ಕೂತರು. ಗೋಡೆಯ ಸುಣ್ಣದಲ್ಲಿ ಒಂದು ಇರುವೆ ಮೇಲಕ್ಕೆ ಹೋಗುತ್ತಿತ್ತು. ಅದು ಕೆಳಗಿನಿಂದ ನನ್ನ ಕಣ್ಣಿನ ಎತ್ತರಕ್ಕೆ ಬರುವವರೆಗೂ ಹಿಂದಿನಿಂದ ಯಾವ ಸದ್ದೂ ಇರಲಿಲ್ಲ. ಆಮೇಲೆ ಒಂದೇ ಒಂದು ಕೀಲಿ ಒತ್ತಿದ ಸದ್ದು. ಕುರ್ಚಿ ಸರಿಯಿತು. ನಾನು ತಿರುಗಿದಾಗ ಅವ್ವನ ಬೆನ್ನು ಕಂಡಿತು, ಬಾಗಿಲು ದಾಟುತ್ತಿದ್ದಳು.

ಮೆಟ್ಟಿಲ ಮೇಲೆ ನಿಂತು, “ಸೊನ್ನಿ” ಎಂದಳು.

ಕೂಗಲಿಲ್ಲ, ಆದರೆ ಎಲ್ಲರಿಗೂ ಕೇಳಿತು. “ಪುಣ್ಯವಂತಿ” ಎಂದು ಯಾರೋ ಅಂದರು. ಮಾದೇವಿ ಹತ್ತಿರ ಬಂದು ಅವಳ ಕೈ ಹಿಡಿದಳು. ನಾನು ಪಟ್ಟಿ ತೆಗೆದೆ. ಎರಡು ಸಾವಿರದ ನೂರಾ ಹದಿನಾರು, ಎರಡು ಸಾವಿರದ ನೂರಾ ಹದಿನೆಂಟು. ನಡುವೆ ಏನೂ ಇರಲಿಲ್ಲ. ನಾನು ಎದ್ದು ನಿಲ್ಲುವುದರೊಳಗೆ ನಡುವಿನ ಸಾಲು ತುಂಬಿತು. ಹೆಸರಿನ ಜಾಗ ಖಾಲಿ, ವೈನಿಯಿಂದ, ನಡೆದಿದೆ. ಆಮೇಲೆ ನಮ್ಮ ಓಣಿಯ ಕಡೆಯಿಂದ ಕಾಶವ್ವ ಯಾರನ್ನೋ ಕೂಗಿ ಕರೆಯುವುದು ಕೇಳಿಸಿತು.

ಮನೆಯಲ್ಲಿ ಹೆಣ್ಣು ಕೂಸು ಗಂಟಲು ಹರಿಯುವಂತೆ ಅಳುತ್ತಿತ್ತು. ಅಣ್ಣ ಬಾಗಿಲಲ್ಲಿ ಕೂತು ಅಳುತ್ತಿದ್ದ. ಕಾಶವ್ವ ತನ್ನ ಎರಡೂ ಕೈಗಳನ್ನು ಸೆರಗಿನಿಂದ ಹೊರಗೆ ತೆಗೆದು ಬಂದವರಿಗೆಲ್ಲ ತೋರಿಸುತ್ತಿದ್ದಳು. ಮೂರನೇ ಕಂಬದ ಹತ್ತಿರ ಯಾರೂ ಇರಲಿಲ್ಲ. ಈ ಸಲ ಅವ್ವನ ಕಣ್ಣೂ ಅಲ್ಲಿ ನಿಲ್ಲಲಿಲ್ಲ.

ಅವ್ವ ಬಚ್ಚಲಲ್ಲಿ ಬಾಣಂತಿಗೆ ನೀರು ಕಾಯಿಸಲು ಕೂತಿದ್ದಳು. ಒಲೆಗೆ ಕಟ್ಟಿಗೆ ಒಟ್ಟುತ್ತ ಇದ್ದಳು. ನಾನು ಹೋಗಿ ಅವಳ ಹಿಂದೆ ನಿಂತೆ. ಮೆಟ್ಟಿಲ ಮೇಲೆ ಅವಳು ಅಂದ ‘ಸೊನ್ನಿ’ ಕಂಡದ್ದೋ ಬರೀ ಹೇಳಿದ್ದೋ ಎಂದು, ಯಾರೂ ಕೇಳಬಾರದ್ದನ್ನು ಕೇಳಲು ಬಂದಿದ್ದೆ. ಬಾಯಿ ಒಣಗಿತ್ತು.

“ಯವ್ವಾ” ಎಂದೆ. “ನಾ ಸುಳ್ಳು ಹೇಳಿದೆ. ನಾ ಏನೂ ಬದಲ್ ಮಾಡಿರ್ಲಿಲ್ಲ. ನೀ ನೋಡಿದ್ದು ಖರೇ ಅಂಕಿ.”

ಕಟ್ಟಿಗೆ ಹಿಡಿದ ಅವಳ ಕೈ ನಿಂತಿತು. ಅವಳು ತಿರುಗಲಿಲ್ಲ. ಬೆಂಕಿ ಹೊತ್ತಿಕೊಂಡು ಅವಳ ಹೆಗಲಾಚೆ ಗೋಡೆಯೆಲ್ಲ ಕೆಂಪಾಯಿತು.

“ಎಷ್ಟಿತ್ತು, ಹೇಳ ಯವ್ವಾ.”

ಅವ್ವ ಕೈಯಲ್ಲಿದ್ದ ಕಟ್ಟಿಗೆಯನ್ನು ಒಲೆಗೆ ಇಟ್ಟಳು, ಇನ್ನೊಂದನ್ನು ತೆಗೆದುಕೊಂಡಳು.

“ನನಗೊಬ್ಬಾಕಿಗೆ ಹೇಳ.”